ಒಬ್ಬರೇ ‘ನೋ’ ಅಂದ ಸೆನೆಟರ್: ಫೈನ್‌ಗೋಲ್ಡ್ ಪಕ್ಷದ ವಿರೋಧಿಯೇ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಪೇಟ್ರಿಯಟ್ ಆಕ್ಟ್ (2001ರ ಭಯೋತ್ಪಾದಕ ದಾಳಿಯ ನಂತರ ಸರ್ಕಾರಕ್ಕೆ ಜನರ ಮೇಲೆ ಕಣ್ಣಿಡುವ ಅಧಿಕಾರ ಹೆಚ್ಚಿಸಿದ ಕಾನೂನು) ಬಂದಾಗ ಸೆನೆಟ್‌ನಲ್ಲಿ ರಸ್ ಫೈನ್‌ಗೋಲ್ಡ್ ಒಬ್ಬರೇ ವಿರೋಧವಾಗಿ ಮತ ಹಾಕಿದರಂತೆ. ಅಂದ್ರೆ ಅವರು ಯಾವಾಗಲೂ ಸ್ವಂತ ಪಕ್ಷಕ್ಕೆ ಎದುರು ನಿಲ್ಲುತ್ತಿದ್ದವರಾ?

ಹಾಗೇನಿಲ್ಲ. ಫೈನ್‌ಗೋಲ್ಡ್ ವಿಸ್ಕಾನ್ಸಿನ್ ರಾಜ್ಯದ ಡೆಮಾಕ್ರಟ್. 1993ರಿಂದ 2011ರ ಜನವರಿವರೆಗೆ ಸೆನೆಟರ್ ಆಗಿದ್ದರು. ಆರೋಗ್ಯ, ತೆರಿಗೆ, ಗರ್ಭಪಾತದಂಥ ವಿಷಯಗಳಲ್ಲಿ ಪಕ್ಕಾ ಪಕ್ಷದ ಮನುಷ್ಯ. ಪಕ್ಷದಿಂದ ಬೇರೆಯಾದ ಕಡೆಗಳಲ್ಲೂ ಒಂದು ಲೆಕ್ಕಾಚಾರ ಕಾಣುತ್ತೆ. ಯಾರಿಗಾದರೂ ಹೊಸ ಅಧಿಕಾರ ಕೊಡುವಾಗ ಕಡಿವಾಣ ಯಾರ ಕೈಲಿರುತ್ತೆ, ಕ್ರಮ ಸರಿಯಾಗಿ ನಡೀತಾ ಅನ್ನೋದನ್ನು ಅವರು ಮೊದಲು ನೋಡುತ್ತಿದ್ದರು.

ನಮ್ಮ ಸಂಸತ್ತು ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸದಸ್ಯತ್ವವೇ ಹೋಗಬಹುದು. ಎಷ್ಟೋ ಮಸೂದೆಗಳು ಧ್ವನಿಮತದಲ್ಲೇ ಮುಗಿದುಹೋಗುತ್ತವೆ, ಯಾರು ಏನಂದರು ಅಂತ ಗೊತ್ತಾಗಲ್ಲ. ಸೆನೆಟ್‌ನಲ್ಲೂ ಪಕ್ಷದ ಮತ ಒಟ್ಟುಗೂಡಿಸುವ ‘ವಿಪ್’ ಎಂಬ ನಾಯಕರು ಇದ್ದಾರೆ, ಆದರೆ ಮಾತು ಕೇಳದವರ ಸೀಟು ಕಿತ್ತುಕೊಳ್ಳುವ ಹಾಗಿಲ್ಲ. ಮುಖ್ಯ ಮಸೂದೆಗಳಿಗೆ ಒಬ್ಬೊಬ್ಬರ ಹೆಸರು ಕೂಗಿ ಮತ ಬರೆದುಕೊಳ್ಳುತ್ತಾರೆ.

ಈಗ ಆ ಪ್ರಸಿದ್ಧ ಮತಕ್ಕೆ ಬರೋಣ. 2001ರ ಅಕ್ಟೋಬರ್ 25ರಂದು ಪೇಟ್ರಿಯಟ್ ಆಕ್ಟ್ 98-1ರಲ್ಲಿ ಪಾಸಾಯಿತು. ಎಲ್ಲರೂ ಹೇಳೋದು ಇದನ್ನೇ. ನನಗೆ ಜಾಸ್ತಿ ಕುತೂಹಲ ಇರೋದು ಅದಕ್ಕೂ ಎರಡು ವಾರ ಹಿಂದಿನ ರಾತ್ರಿಯ ಬಗ್ಗೆ. ಅಕ್ಟೋಬರ್ 11ರಂದು ಸೆನೆಟ್‌ನ ಮೂಲ ಮಸೂದೆ ಚರ್ಚೆಗೆ ಬಂತು. ಅವಳಿ ಗೋಪುರ ಬಿದ್ದು ಆಗಿನ್ನೂ ಒಂದೇ ತಿಂಗಳು. ಫೈನ್‌ಗೋಲ್ಡ್ ತಿದ್ದುಪಡಿಗಳನ್ನು ತಂದರು. ಒಂದು, ಕಚೇರಿ ಅಥವಾ ಕಾಲೇಜಿನ ಕಂಪ್ಯೂಟರ್ ಬಳಸುವವರ ಮೇಲೆ ಕೋರ್ಟಿನ ಆದೇಶವಿಲ್ಲದೆ ಕಣ್ಣಿಡುವುದಕ್ಕೆ ಮಿತಿ ಹಾಕುವಂಥದ್ದು. ಇನ್ನೊಂದು, ಶಂಕಿತ ವ್ಯಕ್ತಿ ಫೋನ್ ಬದಲಿಸಿದ ಹಾಗೆಲ್ಲ ಹಿಂದೆಯೇ ಹೋಗುವ ಕದ್ದಾಲಿಕೆ ಬಗ್ಗೆ: ಆ ಫೋನನ್ನು ನಿಜವಾಗಿ ಅವನೇ ಬಳಸುತ್ತಿದ್ದಾನಾ ಅಂತ ಖಚಿತವಾಗಿರಬೇಕು. ಮೂರನೆಯದು ಮಸೂದೆಯ ಸೆಕ್ಷನ್ 215ಕ್ಕೆ ಸಂಬಂಧಿಸಿದ್ದು. ಲೈಬ್ರರಿಯಲ್ಲಿ ಯಾರು ಯಾವ ಪುಸ್ತಕ ಒಯ್ದರು ಅನ್ನೋದರಂಥ ದಾಖಲೆಯನ್ನೂ ಎಫ್‌ಬಿಐ ತರಿಸಿಕೊಳ್ಳಲು ದಾರಿ ಮಾಡಿದ ಸೆಕ್ಷನ್ ಅದು.

ಇವನ್ನು ಬದಿಗಿಡಿ ಎಂಬ ಸೂಚನೆ ತಂದವರು ಡೆಮಾಕ್ರಟಿಕ್ ಪಕ್ಷದ ನಾಯಕ ಟಾಮ್ ಡ್ಯಾಶಲ್! ತಿದ್ದುಪಡಿಗಳ ಸರಿ-ತಪ್ಪಿನ ತಕರಾರು ಅವರದ್ದಾಗಿರಲಿಲ್ಲ. ಕಷ್ಟಪಟ್ಟು ಕುದುರಿಸಿದ ಒಪ್ಪಂದ ಮುರಿದುಬೀಳಬಾರದು, ಅಷ್ಟೇ. ಯಾವ ತಿದ್ದುಪಡಿಯ ಪರವೂ 8ಕ್ಕಿಂತ ಹೆಚ್ಚು ಮತ ಬೀಳಲಿಲ್ಲ. ಅಂದರೂ ಆ ರಾತ್ರಿ ಅವರ ಜೊತೆ ಕೆಲವರಾದರೂ ಇದ್ದರು, ಪೂರ್ತಿ ಒಂಟಿಯಾದದ್ದು ಕೊನೆಯ ಮತದಲ್ಲಿ.

ದಾಖಲೆ ಓದುವವರು ಎಡವೋದು ಇಲ್ಲೇ. ‘ಬದಿಗಿಡುವ’ ಸೂಚನೆಗೆ ‘ಯೆಸ್’ ಅಂದರೆ ತಿದ್ದುಪಡಿಗೆ ‘ನೋ’ ಅಂದ ಹಾಗೆ. ಮತ ಯಾವುದರ ಮೇಲೆ ಬಿತ್ತು ಅಂತ ನೋಡದೆ ಹೆಸರಿನ ಮುಂದಿನ ಯೆಸ್, ನೋ ಮಾತ್ರ ಎಣಿಸಿದರೆ ಅರ್ಥವೇ ತಲೆಕೆಳಗಾಗುತ್ತೆ.

ಇನ್ನೊಂದು ತಮಾಷೆ. ಆ ಕಾನೂನಿಗಾಗಿ ಒತ್ತಡ ಹಾಕಿದ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ನೇಮಕಕ್ಕೆ ಅದೇ ವರ್ಷ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟ 8 ಡೆಮಾಕ್ರಟ್‌ಗಳಲ್ಲಿ ಫೈನ್‌ಗೋಲ್ಡ್ ಕೂಡ ಇದ್ದರು. ಅಧ್ಯಕ್ಷರಿಗೆ ತಮ್ಮ ಸಂಪುಟ ಆರಿಸಿಕೊಳ್ಳುವ ಹಕ್ಕಿದೆ ಅನ್ನೋದು ಅವರ ನಿಲುವು. 1999ರಲ್ಲಿ ಕ್ಲಿಂಟನ್ ಮೇಲಿನ ಮಹಾಭಿಯೋಗ ಪ್ರಕರಣವನ್ನು ಅರ್ಧಕ್ಕೇ ಕೈಬಿಡಬೇಕೆಂಬ ಸೂಚನೆ ಬಂದಾಗ ಬೇಡ ಅಂದ ಒಬ್ಬನೇ ಡೆಮಾಕ್ರಟ್ ಅವರು. ವಿಚಾರಣೆ ಮುಗಿದ ಮೇಲೆ ಎರಡೂ ಆರೋಪಗಳಲ್ಲಿ ಕ್ಲಿಂಟನ್ ತಪ್ಪಿತಸ್ಥರಲ್ಲ ಅಂತಲೇ ಮತ ಹಾಕಿದರು. ಎರಡೂ ಕಡೆಯವರಿಗೂ ಕಿರಿಕಿರಿ ಆಗಿರಬೇಕು, ಅಲ್ವಾ?

ಯುದ್ಧವೆಂದರೆ ಸಾಕು, ವಿರೋಧಿಸುತ್ತಿದ್ದರು ಅನ್ನೋದೂ ಸರಿಯಲ್ಲ. 2001ರ ಸೆಪ್ಟೆಂಬರ್ 14ರಂದು ದಾಳಿಕೋರರ ವಿರುದ್ಧ ಸೇನಾ ಬಲ ಬಳಸಲು ಒಪ್ಪಿಗೆ ಕೊಟ್ಟ 98 ಜನರಲ್ಲಿ ಅವರೂ ಸೇರಿದ್ದರು. 2002ರ ಅಕ್ಟೋಬರ್‌ನಲ್ಲಿ ಇರಾಕ್ ಪ್ರಶ್ನೆ ಬಂದಾಗ ಮಾತ್ರ 77-23ರಲ್ಲಿ 23ರ ಕಡೆ ನಿಂತರು. ಅವರದೇ ಪಕ್ಷದ ಬೈಡನ್, ಹಿಲರಿ ಕ್ಲಿಂಟನ್, ಕೆರಿ ಮೂವರೂ 77ರಲ್ಲಿದ್ದರು.

ಅವರ ಹೆಸರು ಹೊತ್ತ ಕಾನೂನು ಮೆಕೇನ್-ಫೈನ್‌ಗೋಲ್ಡ್. 1995ರಲ್ಲಿ ಶುರುವಾದ ಓಡಾಟ 2002ರಲ್ಲಿ ಫಲ ಕೊಟ್ಟಿತು. ರಾಷ್ಟ್ರೀಯ ಪಕ್ಷಗಳು ಮಿತಿಯಿಲ್ಲದೆ ಎತ್ತುತ್ತಿದ್ದ ದೇಣಿಗೆಗೆ ಅದು ತಡೆ ಹಾಕಿತು. ಚುನಾವಣೆ ಹೊತ್ತಲ್ಲಿ ಕಂಪನಿಗಳು ಜಾಹೀರಾತಿಗೆ ದುಡ್ಡು ಸುರಿಯೋದಕ್ಕೆ ಅದೇ ಕಾನೂನಿನಲ್ಲಿದ್ದ ತಡೆಯನ್ನು 2010ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೆಗೆದುಹಾಕಿತು.

ಭಾರತದವರು ನೋಡಲೇಬೇಕಾದ ದಿನ 2008ರ ಅಕ್ಟೋಬರ್ 1. ಭಾರತ-ಅಮೆರಿಕ ಅಣು ಒಪ್ಪಂದ ಅಂದು ಸೆನೆಟ್‌ನಲ್ಲಿ 86-13ರಲ್ಲಿ ಪಾಸಾಯಿತು. ಆ 13ರಲ್ಲಿ ಫೈನ್‌ಗೋಲ್ಡ್ ಒಬ್ಬರು. ಅಣ್ವಸ್ತ್ರ ಹರಡುವುದನ್ನು ತಡೆಯುವ ನಿಯಮಗಳು ಸಡಿಲವಾಗುತ್ತವೆ ಅನ್ನೋದು ಅವರ ಆಕ್ಷೇಪ. ಭಾರತದ ಮೇಲಿನ ಸಿಟ್ಟು ಅಂತ ಓದಿಕೊಂಡರೆ ತಪ್ಪಾಗುತ್ತೆ. ಬ್ಯಾಂಕುಗಳನ್ನು ಉಳಿಸುವ 700 ಬಿಲಿಯನ್ ಡಾಲರ್ ಯೋಜನೆಗೂ ಅದೇ ದಿನ ಅವರು ಬೇಡ ಅಂದರು.

2010ರ ಜುಲೈನಲ್ಲಿ ಬ್ಯಾಂಕುಗಳನ್ನು ಹದ್ದುಬಸ್ತಿನಲ್ಲಿಡುವ ಡಾಡ್-ಫ್ರಾಂಕ್ ಮಸೂದೆ 60-39ರಲ್ಲಿ ಪಾಸಾಯಿತು. ವಿರೋಧಿಸಿದ ಒಬ್ಬನೇ ಡೆಮಾಕ್ರಟ್ ಮತ್ತೆ ಇವರೇ. ಪಟ್ಟಿ ಮಾತ್ರ ನೋಡಿದರೆ ರಿಪಬ್ಲಿಕನ್ನರ ಜೊತೆ ನಿಂತ ಹಾಗೆ ಕಾಣುತ್ತೆ. ಅವರಿಗೆ ಮಸೂದೆ ಬಿಗಿ ಜಾಸ್ತಿ ಅನ್ನಿಸಿತ್ತು, ಇವರಿಗೆ ಬಿಗಿ ಸಾಲದು ಅನ್ನಿಸಿತ್ತು. ಈ ವ್ಯತ್ಯಾಸ ಗೊತ್ತಾಗೋದು ಅಂದಿನ ಭಾಷಣ ಓದಿದಾಗಲೇ.

ಅದೇ ವರ್ಷ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾನ್ ಜಾನ್ಸನ್ ಎದುರು ಫೈನ್‌ಗೋಲ್ಡ್ ಸೋತರು. ಜಾನ್ಸನ್ ಪ್ರಚಾರದಲ್ಲಿ ಎತ್ತಿ ಆಡಿದ್ದು ಒಬಾಮಾ ಅವರ ಆರೋಗ್ಯ ಕಾನೂನು ಮತ್ತು ಆರ್ಥಿಕ ಪ್ಯಾಕೇಜ್‌ಗೆ ಹಾಕಿದ ಮತಗಳನ್ನು. ಅವೆರಡರಲ್ಲೂ ಫೈನ್‌ಗೋಲ್ಡ್ ಪಕ್ಷದ ಜೊತೆಗೇ ಇದ್ದರು.