ಲಾಸಿಕ್, ಪಿಆರ್‌ಕೆ: ಹೆಲಿಕಾಪ್ಟರ್ ಪೈಲಟ್ ಆಗುವ ಆಸೆ ಇರುವವರಿಗೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಗಿದ್ದು 2023ರ ಫೆಬ್ರುವರಿ 6ರಂದು. 615 ಎಕರೆ ಜಾಗ. ಅಲ್ಲಿಂದೀಚೆಗೆ ತುಮಕೂರು ಕಡೆಯ ಹುಡುಗ ಹುಡುಗಿಯರ ಬಾಯಲ್ಲಿ "ಹೆಲಿಕಾಪ್ಟರ್ ಪೈಲಟ್" ಅನ್ನುವ ಮಾತು ಜಾಸ್ತಿ ಕೇಳಿಸುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಕನ್ನಡಕ ಇದೆ. ಲಾಸಿಕ್ ಮಾಡಿಸಿಕೊಂಡ್ರೆ ಆಗುತ್ತಲ್ವಾ?"

ಆಗಬಹುದು. ಆದರೆ ಯಾವ ಆಪರೇಷನ್, ಯಾವ ವಯಸ್ಸಿನಲ್ಲಿ, ಎಷ್ಟು ನಂಬರ್ ಇದ್ದಾಗ ಮಾಡಿಸಿದ್ದು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕನ್ನಡಕ ಬಿಡಿಸುವ ಎಲ್ಲ ಬಗೆಯ ಲೇಸರ್ ಆಪರೇಷನ್‌ಗೂ ಜನ "ಲಾಸಿಕ್" ಅಂತಲೇ ಕರೆಯುತ್ತಾರೆ. ಸೇನೆಯಲ್ಲಿ ಪೈಲಟ್ ಆಗಬೇಕೆಂದರೆ ಕಣ್ಣು ಪರೀಕ್ಷಿಸುವ ಸೇನೆಯ ವೈದ್ಯರು ಹಾಗೆ ಕರೆಯುವುದಿಲ್ಲ.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ತಿಳಿಯಾದ ಒಂದು ಪದರ ಇದೆ. ಅದೇ ಕಾರ್ನಿಯಾ. ಮಧ್ಯದಲ್ಲಿ ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಮೈನಸ್ ನಂಬರ್ ಇದ್ದವರ ಕಣ್ಣಲ್ಲಿ ಬೆಳಕು ಹಿಂಬದಿಯ ಪರದೆಯಾದ ರೆಟಿನಾ ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದೆ. ಕಾರ್ನಿಯಾದ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಬೆಳಕು ಹಿಂದಕ್ಕೆ ಸರಿದು ಸರಿಯಾದ ಜಾಗಕ್ಕೆ ಬೀಳುತ್ತದೆ. ಲೇಸರ್ ಮಾಡುವ ಕೆಲಸ ಇಷ್ಟೇ.

ಇದಕ್ಕೆ ಬಳಸುವುದು ಎಕ್ಸೈಮರ್ ಲೇಸರ್. 193 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು. ಇದು ಸುಡುವುದಿಲ್ಲ, ಅಣುಗಳ ನಡುವಿನ ಬೆಸುಗೆಯನ್ನೇ ಬಿಡಿಸಿ ಪದರ ಪದರವಾಗಿ ಹಾರಿಸುತ್ತದೆ. ಪಕ್ಕದ ಭಾಗಕ್ಕೆ ಬಿಸಿ ತಾಗುವುದಿಲ್ಲ. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಈ ಗುಣವನ್ನು ತೋರಿಸಿದವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಅವರು ಮೊದಲು ಕೊರೆದು ನೋಡಿದ್ದು ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು!

ಪಿಆರ್‌ಕೆ, ಲಾಸಿಕ್ ಎರಡಕ್ಕೂ ಲೇಸರ್ ಒಂದೇ ಆದರೂ ಒಳಗೆ ಹೋಗುವ ದಾರಿ ಬೇರೆ ಬೇರೆ. ಪಿಆರ್‌ಕೆಯಲ್ಲಿ ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ಒರೆಸಿ ತೆಗೆದು, ನೇರವಾಗಿ ಅಲ್ಲೇ ಲೇಸರ್ ಹಾಯಿಸುತ್ತಾರೆ. ಆ ಚರ್ಮ ಮತ್ತೆ ಬೆಳೆಯುವವರೆಗೆ ಮೂರ್ನಾಲ್ಕು ದಿನ ಕಣ್ಣು ಉರಿ, ನೀರು, ಬೆಳಕು ಕಂಡರಾಗದು. ನೋಟ ಪೂರ್ತಿ ತಿಳಿಯಾಗಲು ವಾರಗಳೇ ಬೇಕು. ಲಾಸಿಕ್‌ನಲ್ಲಿ 100ರಿಂದ 120 ಮೈಕ್ರಾನ್ ದಪ್ಪದ ಒಂದು ಮುಚ್ಚಳ ಕತ್ತರಿಸುತ್ತಾರೆ. ಎಳನೀರು ಕೊಚ್ಚುವವರು ಮೇಲಿನ ಬಿಲ್ಲೆಯನ್ನು ಪೂರ್ತಿ ತೆಗೆಯದೆ ಒಂದು ಅಂಚಿನಲ್ಲಿ ಅಂಟಿರುವಂತೆ ಬಿಡುತ್ತಾರಲ್ಲ, ಹಾಗೆ. ಅದನ್ನು ಮಗುಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಇದಕ್ಕೇ ಫ್ಲಾಪ್ ಅನ್ನುವುದು. ನೋವು ಕಡಿಮೆ, ಮರುದಿನವೇ ಚೆನ್ನಾಗಿ ಕಾಣುತ್ತದೆ. ಹೊಸದಾದ ಸ್ಮೈಲ್ ವಿಧಾನದಲ್ಲಿ ಮುಚ್ಚಳವೇ ಇಲ್ಲ. ಅಲ್ಲಿ ಎಕ್ಸೈಮರ್ ಅಲ್ಲ, ಫೆಮ್ಟೋಸೆಕೆಂಡ್ ಅನ್ನುವ ಬೇರೆ ಲೇಸರ್‌ನಿಂದ ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆ ಕೊರೆದು, ಸಣ್ಣ ಸೀಳಿನಿಂದ ಅದನ್ನು ಎಳೆದು ತೆಗೆಯುತ್ತಾರೆ.

ಸೇನೆಗಳಿಗೆ ತಲೆನೋವಾಗಿದ್ದು ಈ ಮುಚ್ಚಳವೇ. ಅದು ಕೂಡಿಕೊಳ್ಳುತ್ತದೆ, ನಿಜ. ಆದರೆ ಮೊದಲಿನ ಗಟ್ಟಿತನ ಪೂರ್ತಿ ಬರುವುದಿಲ್ಲ. ಕಣ್ಣಿಗೆ ಜೋರಾಗಿ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಮುಚ್ಚಳ ಜಾರಿದ ಉದಾಹರಣೆಗಳಿವೆ. ಇನ್ನೊಂದು ತೊಂದರೆ ಕಣ್ಣು ಒಣಗುವುದು. ಮುಚ್ಚಳ ಕತ್ತರಿಸುವಾಗ ಕಾರ್ನಿಯಾದ ನರಗಳೂ ಕತ್ತರಿಸುತ್ತವೆ. ಅವು ಚಿಗುರುವವರೆಗೆ ಕಣ್ಣೀರು ಸರಿಯಾಗಿ ಊರುವುದಿಲ್ಲ. ಆಫೀಸಿನಲ್ಲಿ ಕೂತವರಿಗೆ ಡ್ರಾಪ್ಸ್ ಸಾಕು. ಹೆಲಿಕಾಪ್ಟರ್ ಪೈಲಟ್ ಕೂರುವುದು ಅದುರುವ ಕಾಕ್‌ಪಿಟ್‌ನಲ್ಲಿ. ಇಳಿಯುವಾಗ ರೆಕ್ಕೆಯ ಗಾಳಿಗೆ ಮಣ್ಣೆಲ್ಲ ಎದ್ದು ನೆಲವೇ ಕಾಣದಂತಾಗುತ್ತದೆ. ರಾತ್ರಿ ಹಾರಾಟದಲ್ಲಿ ನೈಟ್ ವಿಷನ್ ಕನ್ನಡಕದಿಂದ ಕಾಣುವುದು ಸುಮಾರು 40 ಡಿಗ್ರಿಯಷ್ಟು ಜಾಗ ಮಾತ್ರ. ಅಂಥ ಹೊತ್ತಲ್ಲಿ ದೀಪಗಳ ಸುತ್ತ ಉಂಗುರ ಕಂಡರೆ, ಎದುರಿಗಿರುವ ವಿದ್ಯುತ್ ತಂತಿ ತಪ್ಪಿಹೋಗಬಹುದು. ಲೇಸರ್ ಆದ ಕೆಲವರಿಗೆ ಈ ಉಂಗುರಗಳು ಉಳಿದುಬಿಡುತ್ತವೆ.

ಎತ್ತರದ ವಿಷಯ ಬೇರೆ. ಲೇಸರ್ ಬರುವ ಮೊದಲು ಆರ್‌ಕೆ ಅಂತ ಒಂದಿತ್ತು, ಬ್ಲೇಡಿನಿಂದ ಕಾರ್ನಿಯಾದ ಮೇಲೆ ಗೀರು ಹಾಕುವುದು. ಆಮ್ಲಜನಕ ಕಡಿಮೆ ಆದಾಗ ಆ ಗೀರುಗಳ ಸುತ್ತ ಕಾರ್ನಿಯಾ ಊದಿಕೊಂಡು ನೋಟ ಮಸುಕಾಗುತ್ತದೆ. 1996ರಲ್ಲಿ ಎವರೆಸ್ಟ್ ಹತ್ತಲು ಹೋದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಅವರಿಗೆ ಹೀಗೇ ಆಯಿತು. ಕಣ್ಣು ಕಾಣದೆ ಅರ್ಧದಲ್ಲೇ ಕೂರಬೇಕಾಯಿತು. ಕೊನೆಗೆ ಅವರನ್ನು ಬೆಟ್ಟದಿಂದ ಎತ್ತಿ ತಂದಿದ್ದು ನೇಪಾಳ ಸೇನೆಯ ಹೆಲಿಕಾಪ್ಟರ್. ಗುಬ್ಬಿ ಕಾರ್ಖಾನೆಯ ಲಘು ಹೆಲಿಕಾಪ್ಟರ್‌ಗಳು ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದವು. ಚೀತಾ ಅಂದರೆ ಸಿಯಾಚಿನ್‌ನಂಥ ಎತ್ತರದ ಹಿಮಪ್ರದೇಶದ ಹಾರಾಟ. ಹಾಗಾಗಿ ಆರ್‌ಕೆ ಮಾಡಿಸಿಕೊಂಡವರಿಗೆ ಹಾರಾಟದ ಬಾಗಿಲು ಮುಚ್ಚಿದ್ದರಲ್ಲಿ ಆಶ್ಚರ್ಯ ಇಲ್ಲ.

ಈಗ ಮುಖ್ಯ ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಅಮೆರಿಕದ ಪೈಲಟ್‌ಗಳ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಮುಚ್ಚಳದ ಭಯದಿಂದ ಮೊದಲು ಒಪ್ಪಿದ್ದು ಪಿಆರ್‌ಕೆಯನ್ನು, ಲಾಸಿಕ್ ಆಮೇಲೆ ಬಂತು. ನಮ್ಮ ವಾಯುಪಡೆಯ ಪ್ರಕಟಣೆಗಳಲ್ಲಿ ಬಹಳ ವರ್ಷ ಇದಕ್ಕೆ ಉಲ್ಟಾ ಇತ್ತು: ಲಾಸಿಕ್‌ಗೆ ಷರತ್ತಿನ ಒಪ್ಪಿಗೆ, ಪಿಆರ್‌ಕೆಗೆ ಇಲ್ಲ. ಆ ಷರತ್ತುಗಳು ಹೀಗಿದ್ದವು. ಆಪರೇಷನ್ 20 ವರ್ಷ ವಯಸ್ಸು ತುಂಬುವ ಮೊದಲು ಆಗಿರಬಾರದು. ಆದ ಮೇಲೆ 12 ತಿಂಗಳು ಕಳೆದಿರಬೇಕು. ಮೊದಲಿನ ನಂಬರ್ 6 ದಾಟಿರಬಾರದು. ಆಪರೇಷನ್ ನಂತರ ಕಾರ್ನಿಯಾ 450 ಮೈಕ್ರಾನ್‌ಗಿಂತ ತೆಳುವಾಗಿರಬಾರದು. ಕಣ್ಣುಗುಡ್ಡೆಯ ಉದ್ದ 25.5 ಮಿಲಿಮೀಟರ್ ಮೀರಬಾರದು. ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಸೇನೆ, ನೌಕಾಪಡೆ, ವಾಯುಪಡೆಗೆ ಒಂದೇ ಪಟ್ಟಿಯೂ ಅಲ್ಲ. ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಓದಿಯೇ ಡಾಕ್ಟರ ಹತ್ತಿರ ಹೋಗಿ.

450ರ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ಮೈನಸ್ 4 ಇದ್ದರೆ 60 ಅಂದುಕೊಳ್ಳಿ. ಕಾರ್ನಿಯಾ 540 ಇದ್ದವರಿಗೆ 480 ಉಳಿಯಿತು, ಪಾಸ್. ಹುಟ್ಟಾ 500 ಇದ್ದವರಿಗೆ 440. ಆಪರೇಷನ್ ಯಶಸ್ವಿ, ನೋಟ 6/6, ಆದರೂ ಫೇಲ್! ಈ ದಪ್ಪ ಅಳೆಯುವ ಪರೀಕ್ಷೆಯೇ ಪ್ಯಾಕಿಮೆಟ್ರಿ. ಮೊದಲು ಮಾಡಿಸಬೇಕಾದ್ದು ಇದನ್ನು.

ಕಣ್ಣುಗುಡ್ಡೆಯ ಉದ್ದ ಯಾಕೆ ಬೇಕು? ಮೈನಸ್ ನಂಬರ್ ಇರುವ ಹೆಚ್ಚಿನವರಲ್ಲಿ ಗುಡ್ಡೆ ಹಿಂದಕ್ಕೆ ಉದ್ದವಾಗಿರುತ್ತದೆ, ಒಳಗಿನ ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ. ಲೇಸರ್ ಮುಂಭಾಗವನ್ನು ಮಾತ್ರ ತಿದ್ದುತ್ತದೆ. ಕನ್ನಡಕ ಹೋಗುತ್ತದೆ, ಉದ್ದದ ಗುಡ್ಡೆ ಹಾಗೇ ಇರುತ್ತದೆ, ರೆಟಿನಾ ಹರಿಯುವ ಅಪಾಯವೂ ಇರುತ್ತದೆ. ಅದಕ್ಕೇ ವೈದ್ಯಕೀಯ ಮಂಡಳಿ ಹಿಂಭಾಗವನ್ನೂ ನೋಡುತ್ತದೆ.

ವಯಸ್ಸಿನದು ಸುಲಭ. 20ರ ಆಸುಪಾಸಿನವರೆಗೂ ಹಲವರಿಗೆ ನಂಬರ್ ಏರುತ್ತಲೇ ಇರುತ್ತದೆ. ಇದರಿಂದಾಗಿ ಪಿಯುಸಿ ಮುಗಿಸಿ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೋಗುವವರಿಗೆ ಈ ದಾರಿಯೇ ಇಲ್ಲ, ಅಲ್ಲಿ ಸೇರುವ ವಯಸ್ಸೇ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಡಿಗ್ರಿ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆಯುವವರಿಗೆ ಹಾರಾಟದ ಶಾಖೆಯ ವಯಸ್ಸು 20ರಿಂದ 24. ಕಾಯುವ ಒಂದು ವರ್ಷ ಕಳೆದರೂ ಸಮಯ ಸಿಗುತ್ತದೆ.

ಸುಮ್ನೆ ಹೇಳದೆ ಇದ್ದುಬಿಟ್ಟರೆ? ಗೊತ್ತಾಗುತ್ತದೆ. ಕಾರ್ನಿಯಾದ ಉಬ್ಬುತಗ್ಗು ಅಳೆಯುವ ಟೋಪೋಗ್ರಫಿ ಯಂತ್ರದಲ್ಲಿ ಚಪ್ಪಟೆಯಾದ ನಡುಭಾಗ ಬಣ್ಣದ ನಕ್ಷೆಯಂತೆ ಎದ್ದು ಕಾಣುತ್ತದೆ. ಅದಕ್ಕಿಂತ, ಆಪರೇಷನ್‌ಗೆ ಮುಂಚಿನ ನಂಬರ್ ಮತ್ತು ಪ್ಯಾಕಿಮೆಟ್ರಿ ವರದಿ, ಯಾವ ವಿಧಾನ, ಯಾವ ತಾರೀಖು ಅನ್ನುವ ಡಿಸ್ಚಾರ್ಜ್ ಚೀಟಿಗಳನ್ನು ಆಸ್ಪತ್ರೆಯಿಂದ ಕೇಳಿ ಇಸಿದುಕೊಳ್ಳಿ. ಇನ್ನೊಂದು, ದುಡ್ಡು ಕಟ್ಟುವ ಮೊದಲು ಬಣ್ಣದ ಚುಕ್ಕಿಗಳ ಇಶಿಹಾರ ಪುಸ್ತಕದ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೋಷ ಇದ್ದರೆ ಯಾವ ಲೇಸರ್‌ನಿಂದಲೂ ಅದು ಹೋಗುವುದಿಲ್ಲ.