ಒಂದು ಹಣ, ಇಪ್ಪತ್ತು ಕಾವಲಿನವರು: ಟ್ರಸ್ಟಿ ಎಂಬ ಮಾತಿನ ಹಿಂದೆ

ಹಾಸನದ ಕಡೆ ಜಾತ್ರೆ ಹತ್ತಿರ ಬಂದರೆ ಮನೆಗೆ ಆಹ್ವಾನ ಪತ್ರಿಕೆ ಬರುತ್ತದೆ. ಕೊನೆಯಲ್ಲಿ 'ಧರ್ಮದರ್ಶಿಗಳು' ಎಂದು ಬರೆದು, ಕೆಳಗೆ ಸಾಲಾಗಿ ಹೆಸರುಗಳು. ಶಾಲೆ, ಸಮುದಾಯ ಭವನ, ವೃದ್ಧಾಶ್ರಮದ ಪತ್ರಿಕೆಗಳಲ್ಲಿ ಅದೇ ಜಾಗದಲ್ಲಿ 'ಟ್ರಸ್ಟಿಗಳು'. ಹೆಸರು ಬಿಟ್ಟು ಹೋದರೆ ಮುನಿಸು ಗ್ಯಾರಂಟಿ. ಈ ಹೆಸರಿನವರು ಮಾಡಬೇಕಾದ ಕೆಲಸ ಏನು ಅಂತ ಕೇಳಿದರೆ ಮಾತ್ರ ಸರಿಯಾಗಿ ಹೇಳುವವರು ಕಡಿಮೆ.

ಉತ್ತರ ನಮ್ಮ ಜಿಲ್ಲೆಯ ಕಲ್ಲುಗಳ ಮೇಲೇ ಇದೆ.

ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದಲ್ಲಿ ಸವತಿಗಂಧವಾರಣ ಬಸದಿ ಇದೆಯಲ್ಲ, ಅದನ್ನು 1123ರಲ್ಲಿ ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ. ಕಟ್ಟಿಸಿ ಸುಮ್ಮನಾಗಲಿಲ್ಲ. ಬಸದಿ ನಡೆಯಬೇಕಲ್ಲ? ಅದಕ್ಕೆಂದು ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರ ಕೈಗೆ ಕೊಟ್ಟಳು. ಕಾಲು ತೊಳೆದು, ಧಾರೆ ಎರೆದು ಕೊಡುವುದು ಆಗಿನ ಕ್ರಮ. ಊರು ಬಂದದ್ದು ಗುರುಗಳ ಕೈಗೆ. ಆದರೆ ಅದರ ಹುಟ್ಟುವಳಿ ಬಸದಿಯ ಪೂಜೆಗೆ, ಮುನಿಗಳ ಊಟಕ್ಕೆ. ಕೈ ಒಬ್ಬರದು, ಫಲ ಇನ್ನೊಬ್ಬರದು. ಟ್ರಸ್ಟಿ ಎಂಬ ಇಂಗ್ಲಿಷ್ ಮಾತು ಇಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಆ ಕೆಲಸ ಇಲ್ಲಿ ನಡೆದಿತ್ತು.

ದಾನ ಶಾಸನಗಳ ಕೊನೆಯಲ್ಲಿ ಒಂದು ಶ್ಲೋಕ ಮತ್ತೆ ಮತ್ತೆ ಬರುತ್ತದೆ. 'ದಾನ ಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ'. ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಮೇಲು ಎಂದು ಅದರ ಅರ್ಥ. ಕೊಟ್ಟವನಿಗೆ ಸ್ವರ್ಗ ಸಿಕ್ಕರೆ ಕಾದವನಿಗೆ ಅದಕ್ಕೂ ಮೇಲಿನ ಪದವಿ ಎನ್ನುತ್ತದೆ. ಜೊತೆಗೇ ಶಾಪವೂ ಇರುತ್ತದೆ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದತ್ತಿಯ ಭೂಮಿ ಕಿತ್ತುಕೊಂಡವನು 60 ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು! ಕೋರ್ಟು ಕಚೇರಿ ದೂರ ಇದ್ದ ಕಾಲದಲ್ಲಿ ಆ ಭಯವೇ ಕಾನೂನು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವ ಶಾಸನ ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿರುವ 1368ರದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ಒಯ್ದರು. ರಾಜ ಎರಡೂ ಕಡೆಯವರನ್ನು ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ದರ್ಶನದಲ್ಲೂ ಭೇದವಿಲ್ಲ ಎಂದು ತೀರ್ಮಾನ ಕೊಟ್ಟ. ಆಮೇಲೆ ಬರುವುದು ಲೆಕ್ಕದ ಮಾತು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು 'ಹಣ' (ಆಗಿನ ಒಂದು ನಾಣ್ಯ) ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು. ಮಿಕ್ಕ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಹೊತ್ತವರು ಯಾರು ಗೊತ್ತಾ? ತಿರುಮಲೆಯ ತಾತಯ್ಯ. ಅವರು ವೈಷ್ಣವರು!

ಹಣ ಜೈನರದು, ದೇವರು ಜೈನರದು, ಕಾಯುವ ಹೊಣೆ ವೈಷ್ಣವರದು. ಎಷ್ಟು ಎತ್ತಬೇಕು, ಯಾವುದಕ್ಕೆ ಖರ್ಚು, ಮಿಕ್ಕಿದ್ದು ಎಲ್ಲಿಗೆ, ಎಲ್ಲವೂ ಊರಿಗೆ ಕಾಣುವ ಹಾಗೆ ಕಲ್ಲಿನ ಮೇಲೆ ಇದೆ. ಒಳ್ಳೆಯ ಟ್ರಸ್ಟ್ ಪತ್ರ ಅಂದರೆ ಇದೇ ಅಲ್ವಾ?

ಇಂದಿನ ಟ್ರಸ್ಟ್ ಕಾನೂನು ಬಂದದ್ದು ಇಂಗ್ಲೆಂಡಿನ ದಾರಿಯಲ್ಲಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟುಗಳಿಗೆ ಮಾಡಿದ್ದು. ದೇವಸ್ಥಾನ, ಧರ್ಮಸಂಸ್ಥೆಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದರ ತತ್ವಗಳನ್ನು ಕೋರ್ಟುಗಳು ಸಾರ್ವಜನಿಕ ಟ್ರಸ್ಟುಗಳಿಗೂ ಹಿಡಿದು ನೋಡುತ್ತವೆ. ಅದರ ಪ್ರಕಾರ ಟ್ರಸ್ಟ್ ಅಂದರೆ ಆಸ್ತಿಯ ಒಡೆತನಕ್ಕೆ ಅಂಟಿಕೊಂಡ ಹೊಣೆ. ಕೊಟ್ಟವರು ಒಬ್ಬರು, ಇಟ್ಟುಕೊಂಡು ಕಾಯುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು. ಕಾಯುವವನು ಆ ಆಸ್ತಿಯನ್ನು ತನ್ನ ಸ್ವಂತದ್ದಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಪತ್ರದಲ್ಲಿ ಬರೆದಿಲ್ಲದಿದ್ದರೆ ಸಂಬಳ ಕೇಳುವ ಹಾಗಿಲ್ಲ. ಟ್ರಸ್ಟಿನ ಜಮೀನು ಮಾರಾಟಕ್ಕೆ ಬಂದರೆ ಮಾರುವ ಟ್ರಸ್ಟಿ ತಾನೇ ಕೊಳ್ಳುವ ಹಾಗಿಲ್ಲ, ಬೇರೆಯವರ ಹೆಸರಿನಲ್ಲೂ ಇಲ್ಲ. ಪಕ್ಕದವನು ತಪ್ಪು ಮಾಡಿದ್ದು ಗೊತ್ತಿದ್ದೂ ಮುಚ್ಚಿಟ್ಟರೆ ತನ್ನ ಮೇಲೂ ಬರುತ್ತದೆ.

ದೇವಸ್ಥಾನದ ವಿಷಯ ಸ್ವಲ್ಪ ಬೇರೆ. ಅಲ್ಲಿ ಆಸ್ತಿ ಹೆಸರಿಗೂ ಧರ್ಮದರ್ಶಿಯದಲ್ಲ, ದೇವರದೇ. 1921ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಇದನ್ನು ಬಿಡಿಸಿ ಹೇಳಿತು. ಮಠದ ಸ್ವಾಮಿಗಳಾಗಲಿ ದೇವಸ್ಥಾನದ ಮೇಲ್ವಿಚಾರಕರಾಗಲಿ ಇಂಗ್ಲಿಷ್ ಅರ್ಥದ ಟ್ರಸ್ಟಿಗಳಲ್ಲ, ಆದರೆ ಲೆಕ್ಕ ಒಪ್ಪಿಸುವ ಹೊಣೆ ಅವರಿಗೂ ಇದೆ ಎಂದಿತು.

ಹಳೇ ಮೈಸೂರಿನ ದೊಡ್ಡ ದೇವಸ್ಥಾನಗಳನ್ನು ಸರ್ಕಾರದ ಮುಜರಾಯಿ ಇಲಾಖೆ ನೋಡಿಕೊಳ್ಳುತ್ತಿತ್ತು. ಸ್ಥಳದಲ್ಲಿ ಆಡಳಿತ ನೋಡುವ ಪಾರುಪತ್ತೇಗಾರರು, ಊರಿನವರ ಪರವಾಗಿ ಧರ್ಮದರ್ಶಿಗಳು. 1927ರಲ್ಲಿ ಮೈಸೂರು ಸರ್ಕಾರ ಇದಕ್ಕೆ ಪ್ರತ್ಯೇಕ ಕಾಯ್ದೆ ತಂದಿತು. 1955ರಲ್ಲಿ ಧಾರ್ಮಿಕ ಇನಾಂ ರದ್ದತಿ ಕಾಯ್ದೆ ಬಂತು, ಅಲ್ಲಿಗೆ ದೊಡ್ಡ ತಿರುವು. ದೇವರ ಹೆಸರಿನ ಉಂಬಳಿ ಜಮೀನು ಕೈಬಿಟ್ಟಿತು. ಉಳುತ್ತಿದ್ದವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಭತ್ತ, ರಾಗಿ ಬರುತ್ತಿದ್ದ ದೇವಸ್ಥಾನಗಳು ಸರ್ಕಾರ ವರ್ಷ ವರ್ಷ ಕೊಡುವ ತಸ್ತೀಕ್ ಹಣಕ್ಕೆ ಕಾಯುವಂತಾಯಿತು. ಕಾಯಲು ಜಮೀನೇ ಇಲ್ಲದ ಮೇಲೆ ಹಳ್ಳಿಯ ಧರ್ಮದರ್ಶಿಯ ಕೆಲಸ ಎಷ್ಟೋ ಕಡೆ ಉತ್ಸವಕ್ಕೆ ಚಂದಾ ಎತ್ತುವುದಕ್ಕೆ ಇಳಿಯಿತು. ಹೆಸರಿನ ಮೋಹ ಬೆಳೆದದ್ದು ಆಮೇಲೇ ಅಂತ ನನ್ನ ಅನಿಸಿಕೆ.

ಈಗಿನದು 1997ರ ಕಾಯ್ದೆ, ಜಾರಿಗೆ ಬಂದದ್ದು 2003ರಲ್ಲಿ. ಬೇಲೂರಿನ ಚೆನ್ನಕೇಶವ, ಹಾಸನದ ಹಾಸನಾಂಬೆ ಎರಡೂ ಮುಜರಾಯಿಗೆ ಸೇರಿದವು. ಬೇಲೂರಿನಲ್ಲಿ ಕಲ್ಲಿನ ಕಟ್ಟಡ ಕಾಯುವುದು ಪುರಾತತ್ವ ಇಲಾಖೆ, ಪೂಜೆ ನಡೆಸುವುದು ಮುಜರಾಯಿ. ಈ ಕಾಯ್ದೆಯಲ್ಲಿ ಧರ್ಮದರ್ಶಿ ಸಮಿತಿಯ ಜಾಗಕ್ಕೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ ಬಂತು. ಅರ್ಚಕರು, ಇಬ್ಬರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು ಅದರಲ್ಲಿ ಇರಲೇಬೇಕು. ಇದು ನನಗೆ ತುಂಬಾ ಒಳ್ಳೆಯ ಬದಲಾವಣೆ ಅನಿಸುತ್ತದೆ. ಜಾತ್ರೆಗೆ ಬೆನ್ನು ಮುರಿದು ದುಡಿಯುವವರು ಲೆಕ್ಕದ ಪುಸ್ತಕ ಮುಟ್ಟುವ ಹಾಗೇ ಇರಲಿಲ್ಲ.

ಮುಜರಾಯಿಗೆ ಸೇರದ ಟ್ರಸ್ಟುಗಳ ಕಥೆ ಬೇರೆ. ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಟ್ರಸ್ಟಿಗೆ ಹೋಗಿ ಕಟ್ಟಡದ ಚಂದಾ ಲೆಕ್ಕ ಕೇಳಿದೆ. ನಾನೂ ಕೊಟ್ಟಿದ್ದೆ. 'ನೀವ್ಯಾರು ಕೇಳೋಕೆ?' ಅಂದರು. ಅವತ್ತು ಉತ್ತರ ಹೊಳೆಯಲಿಲ್ಲ, ಅವಮಾನದಲ್ಲಿ ಎದ್ದು ಬಂದೆ. ಈಗ ಗೊತ್ತಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ, ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಲೆಕ್ಕ ಕೇಳಬಹುದು, ನಂಬಿಕೆ ಕೆಡಿಸಿದ ಟ್ರಸ್ಟಿಯನ್ನು ಇಳಿಸಿ ಎನ್ನಬಹುದು. ಒಬ್ಬರಿಂದ ಆಗದು. ಇಬ್ಬರಾದರೂ ಬೇಕು.

ಮೊನ್ನೆ ಮತ್ತೆ ಭಂಡಾರ ಬಸದಿಗೆ ಹೋಗಿದ್ದೆ. ಜೊತೆಗೆ ಅದೇ ಕಟ್ಟಡಕ್ಕೆ ಚಂದಾ ಕೊಟ್ಟಿದ್ದ ಪಕ್ಕದ ಮನೆಯ ಮೇಷ್ಟ್ರನ್ನೂ ಕರೆದುಕೊಂಡು ಹೋದೆ. ಕಲ್ಲಿನ ಮುಂದೆ ನಿಂತು ತಾತಯ್ಯನ ಕಥೆ ಪೂರ್ತಿ ಹೇಳಿದೆ. ಅವರು ಕೇಳಿ, 'ಸೋಮವಾರ ಹೋಗೋಣ್ವಾ?' ಅಂದರು.