ಉಬ್ಬಸ ಇಳಿಯಿತು, ಮಾತ್ರೆಯ ಲೆಕ್ಕ ಉಳಿಯಿತು

ತೀವ್ರ ಆಸ್ತಮಾ ಇರುವವರ ಹಳೆಯ ಔಷಧಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಮಳೆ ಹಿಡಿದಾಗ ಒಮ್ಮೆ, ದೀಪಾವಳಿಯ ಹೊಗೆಗೆ ಒಮ್ಮೆ, ಚಳಿಗೆ ಮತ್ತೊಮ್ಮೆ, ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಇನ್ನೊಮ್ಮೆ. ವೈದ್ಯರು ಬೇರೆ ಬೇರೆ, ಮಾತ್ರೆ ಮಾತ್ರ ಅದೇ: ಪ್ರೆಡ್ನಿಸೊಲೋನ್, ದಿನಕ್ಕೆ 40 ಮಿಲಿಗ್ರಾಂ, ಐದರಿಂದ ಏಳು ದಿನ. ಒಂದು ಸಲಕ್ಕೆ 200ರಿಂದ 280 ಮಿಲಿಗ್ರಾಂ ಆಯಿತು. ನಾಲ್ಕು ಸಲಕ್ಕೆ ಒಂದು ಗ್ರಾಂ ಆಸುಪಾಸು.

ಈ ಸ್ಟೀರಾಯ್ಡ್ ಜೀವಮಾನದಲ್ಲಿ ಒಟ್ಟು ಅರ್ಧದಿಂದ ಒಂದು ಗ್ರಾಂ ಮೈಗೆ ಸೇರಿದರೂ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯಂಥ ತೊಂದರೆಗಳ ಸಾಧ್ಯತೆ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಗೆಂದು ದಮ್ಮು ಕಟ್ಟಿದಾಗ ಮಾತ್ರೆ ಬೇಡ ಎನ್ನಬಾರದು, ಜೀವ ಉಳಿಸುವುದೇ ಅದು. ಅದು ಮತ್ತೆ ಮತ್ತೆ ಬೇಕಾಗುತ್ತಿದೆ ಎಂದರೆ ಕಾಯಿಲೆ ಹತೋಟಿ ತಪ್ಪಿದೆ ಎಂದರ್ಥ. ರಾತ್ರಿ ಉಬ್ಬಸಕ್ಕೆ ಎಚ್ಚರವಾಗುವುದು, ಉಬ್ಬಸ ಬಂದಾಗ ತಕ್ಷಣ ಉಸಿರು ಸಲೀಸು ಮಾಡುವ ಸಾಲ್ಬುಟಮಾಲ್ ಪಂಪು (ಇನ್‌ಹೇಲರ್) ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಾರಿ ಬೇಕಾಗುವುದು ಕೂಡ ಅದೇ ಸೂಚನೆ.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. "ಪಂಪು ಅಭ್ಯಾಸವಾಗಿಬಿಡುತ್ತೆ" ಎಂದು ಹೆದರುವವರೇ ಮಾತ್ರೆಯನ್ನು ಯೋಚಿಸದೆ ನುಂಗುತ್ತಾರೆ. ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಇರುವ ಇನ್‌ಹೇಲರಿನ ಒಂದು ಪಫ್‌ನಲ್ಲಿರುವುದು ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. ಮಿಲಿಗ್ರಾಮಿನ ಕಾಲು ಭಾಗವೂ ಅಲ್ಲ. ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಮಾತ್ರೆ ರಕ್ತಕ್ಕೆ ಸೇರಿ ಇಡೀ ಮೈಗೆ ಹರಡುತ್ತದೆ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ 13. ಆದರೆ 2019ರ ಜಾಗತಿಕ ಅಂದಾಜಿನಂತೆ ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ದಿನವೂ ಸೇದಬೇಕಾದ ಸ್ಟೀರಾಯ್ಡ್ ಇನ್‌ಹೇಲರ್ ಬಹಳ ಜನಕ್ಕೆ ತಲುಪದಿರುವುದು ಇದಕ್ಕೊಂದು ದೊಡ್ಡ ಕಾರಣ.

ಇನ್‌ಹೇಲರನ್ನು ಸರಿಯಾಗಿ, ತಪ್ಪದೆ, ಹೆಚ್ಚಿನ ಪ್ರಮಾಣದಲ್ಲಿ ಬಳಸಿಯೂ ಹತೋಟಿಗೆ ಬಾರದ್ದೇ ನಿಜವಾದ ತೀವ್ರ ಆಸ್ತಮಾ. ಇಂಥವರು ನೂರು ರೋಗಿಗಳಲ್ಲಿ ಹತ್ತಕ್ಕಿಂತ ಕಡಿಮೆ. ಇವರಲ್ಲಿ ಅನೇಕರ ಶ್ವಾಸನಾಳದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸೇರಿಕೊಂಡು ಉರಿಯೂತ ಎಬ್ಬಿಸುತ್ತಿರುತ್ತವೆ. ಮೆಪೊಲಿಜುಮ್ಯಾಬ್, ಬೆನ್‌ರಲಿಜುಮ್ಯಾಬ್ ಎಂಬ ಚುಚ್ಚುಮದ್ದುಗಳು ಆ ಕಣಗಳನ್ನೇ ತಗ್ಗಿಸುತ್ತವೆ. ಹಲವರಿಗೆ ಮಾತ್ರೆ ಕಡಿಮೆಯಾಗಿದೆ, ಕೆಲವರಿಗೆ ನಿಂತೇ ಹೋಗಿದೆ. ಬೆಲೆ ಮಾತ್ರ ಇನ್ನೂ ಸಾಮಾನ್ಯರ ಕೈಗೆ ಎಟುಕುವಂತಿಲ್ಲ.

ಆದರೆ ಈ ಕಣಗಳನ್ನು ಎಣಿಸುವ ರಕ್ತಪರೀಕ್ಷೆ ಅಗ್ಗ, ತಾಲ್ಲೂಕು ಮಟ್ಟದ ಲ್ಯಾಬಿನಲ್ಲೂ ಆಗುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗಿದ ಮೇಲೆ ಎಣಿಕೆ ಇಳಿದುಬಿಡುವುದರಿಂದ, ಸಾಧ್ಯವಾದರೆ ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಬೇಕು.